ಸಹಾಯ ಬೇಕು: ಇಳಿಸಿದ ಟೊಯೋಟಾ 86, ತಿರುವಲ್ಲಿ ಉಬ್ಬು ಬಂದ್ರೆ ಮುಂದಿನ ಹಿಡಿತ ಹೋಗುತ್ತೆ

ಕಾರು 2013ರದ್ದು, ಸೆಕೆಂಡ್ ಹ್ಯಾಂಡ್. ಹಿಂದಿನ ಓನರ್ ಕಂಪನಿ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಾಗೇ ಬಿಟ್ಟು, ಗಿಡ್ಡ ಸ್ಪ್ರಿಂಗ್ ಹಾಕಿ ಕಾರಿನ ಎತ್ತರಾನ ಸುಮಾರು 35 ಮಿ.ಮೀ. ಇಳಿಸಿದ್ದಾರೆ. ನುಣುಪು ರಸ್ತೇಲಿ ಚೆನ್ನಾಗೇ ಓಡುತ್ತೆ. ತಿರುವಿನ ಮಧ್ಯೆ ಸಣ್ಣ ಉಬ್ಬು ಸಿಕ್ಕಿದ್ರೂ ಮೂತಿ ಹೊರಗಡೆ ಜಾರುತ್ತೆ. ಉಬ್ಬುತಗ್ಗಿನ ನೇರ ರಸ್ತೇಲಿ ಸ್ಟೀರಿಂಗ್ ತಾನಾಗೇ ಆಚೀಚೆ ಎಳೆಯುತ್ತೆ.

ಟೈರ್ ಹೊಸದು (215/45 ಆರ್17), ಗಾಳಿ 35 ಪಿಎಸ್‌ಐ. ಬಾಲ್ ಜಾಯಿಂಟ್, ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರ ತಿರುಗಿಸೋ ಸರಳು) ಎಂಡ್‌ಗಳಲ್ಲಿ ಪ್ಲೇ, ಅಂದ್ರೆ ಸಡಿಲ, ಇಲ್ಲ. ಅಲೈನ್‌ಮೆಂಟ್ ಆಗಿದೆ: ಮುಂದೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಮೈನಸ್ 1.2 ಡಿಗ್ರಿ, ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರೋದು) ಸೊನ್ನೆ. ಹಿಂದೆ ಕ್ಯಾಂಬರ್ ಮೈನಸ್ 2 ಡಿಗ್ರಿ. ಲೋವರ್ ಆರ್ಮ್ ಬುಷ್ (ರಬ್ಬರ್ ಕೀಲು) ಬೋಲ್ಟ್ ಸಡಿಲಿಸಿ, ಭಾರ ಚಕ್ರದ ಮೇಲಿರುವಾಗಲೇ ಮತ್ತೆ ಬಿಗಿ ಮಾಡಿದ್ದಾಯ್ತು. ಇಳಿಸಿದ ಕಾರಲ್ಲಿ ಇದನ್ನ ಬಿಟ್ಟರೆ ಬುಷ್ ತಿರುಚಿಕೊಂಡೇ ಇರುತ್ತೆ.

ಮುಂದಿನ ಡ್ಯಾಂಪರ್ ರಾಡ್‌ಗೆ ಕೇಬಲ್ ಟೈ ಕಟ್ಟಿ ಓಡಿಸಿದಾಗ ಅದು ಬಂಪ್ ಸ್ಟಾಪ್‌ಗೆ (ಡ್ಯಾಂಪರ್ ಪೂರ್ತಿ ಕುಗ್ಗದಂತೆ ತಡೆಯೋ ತುಂಡು) ಹೋಗಿ ತಾಗಿತ್ತು. ಹಾಗಾದ್ರೆ ಟ್ರಾವೆಲ್ (ಡ್ಯಾಂಪರ್ ಕುಗ್ಗೋಕೆ ಇರೋ ಜಾಗ) ಸಾಲ್ತಿಲ್ಲ ಅನ್ನಬಹುದು. ಆದ್ರೆ ಟೈ ರಾಡ್ ಕೂಡ ಚಕ್ರದ ಕಡೆ ಮೇಲೆದ್ದಿದೆ, ಅದು ಬಂಪ್ ಸ್ಟಿಯರ್‌ನ (ಚಕ್ರ ಮೇಲೆ ಕೆಳಗೆ ಆದಾಗ ತಾನಾಗೇ ತಿರುಗೋದು) ಲಕ್ಷಣ. ನೇರ ರಸ್ತೇಲಿ ಎಳೆಯೋದು ಅದಕ್ಕೇ ಹೊಂದುತ್ತೆ. ಎರಡರಲ್ಲಿ ಯಾವುದು ಕಾರಣ ಅಂತ ಸಿಕ್ಕಿಕೊಂಡಿರೋದು ಇಲ್ಲೇ.

ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನ ಜಾಕ್‌ನಿಂದ 25 ಮಿ.ಮೀ. ಮೇಲೆತ್ತಿ ಟೋ ಎಷ್ಟು ಬದಲಾಗುತ್ತೆ ಅಂತ ಅಳೆದ್ರೆ ಬಂಪ್ ಸ್ಟಿಯರ್ ಖಚಿತವಾಗುತ್ತಾ? ಮೊದಲು ಹಾಕಬೇಕಾದ್ದು ಗಿಡ್ಡ ಡ್ಯಾಂಪರ್‌ಗಳಾ, ಇಲ್ಲಾ ಬಂಪ್ ಸ್ಟಿಯರ್ ಸರಿಮಾಡೋ ಟೈ ರಾಡ್ ಎಂಡ್‌ಗಳಾ?