ಒಂದು ರೂಪಾಯಿಯ ಮೇಲೆ ಉಬ್ಬಿದ ಗೆರೆ: ಟಂಕಸಾಲೆಯ ತಪ್ಪೋ, ಅಚ್ಚಿನ ಸವಕಳಿಯೋ?

ಪ್ರಶ್ನೆ (ಕೊಪ್ಪಳ, ಕಿರಾಣಿ ಅಂಗಡಿ)

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ನಮ್ಮದೊಂದು ಕಿರಾಣಿ ಅಂಗಡಿಯಿದೆ. ಗವಿಮಠದ ಜಾತ್ರೆಯ ದಿನಗಳಲ್ಲಿ ಗಲ್ಲಾಕ್ಕೆ ಬೀಳುವ ಚಿಲ್ಲರೆಯನ್ನು ರಾತ್ರಿ ಬೇರ್ಪಡಿಸಿ ಎಣಿಸುವ ಕೆಲಸ ನನ್ನದಾದ್ದರಿಂದ, ಎಲ್ಲದರಂತಿಲ್ಲದ ನಾಣ್ಯ ಕೈಗೆ ಬಂದರೆ ಕಣ್ಣು ತಾನಾಗಿಯೇ ಅಲ್ಲಿ ನಿಲ್ಲುತ್ತದೆ. ಈ ಸಲ ನಾಲ್ಕನ್ನು ತೆಗೆದಿಟ್ಟಿದ್ದೇನೆ. ಒಂದು ರೂಪಾಯಿಯ ಸಿಂಹದ ಬದಿಯಲ್ಲಿ ಅಂಚಿನಿಂದ ಒಳಗಿನವರೆಗೆ ಕೂದಲಿನಷ್ಟು ತೆಳುವಾದ ಗೆರೆಯಿದೆ. ಎರಡು ರೂಪಾಯಿಯ ನಾಣ್ಯವೊಂದನ್ನು ತಿರುವಿದರೆ ಹಿಂಬದಿಯ ಅಂಕಿ ನೆಟ್ಟಗೆ ನಿಲ್ಲದೆ, ಗಡಿಯಾರದ ನಾಲ್ಕು ಗಂಟೆಯ ಕಡೆಗೆ ವಾಲಿರುತ್ತದೆ. ಐದು ರೂಪಾಯಿಯೊಂದರಲ್ಲಿ ಸಿಂಹಗಳು ಸ್ಪಷ್ಟವಾಗಿದ್ದರೂ ಕೆಳಗಿನ ‘ಸತ್ಯಮೇವ ಜಯತೇ’ ಅರ್ಧಕ್ಕರ್ಧ ಕಾಣೆಯಾಗಿದೆ. ಇನ್ನೊಂದು ರೂಪಾಯಿಯಲ್ಲಿ ಅಂಚಿನ ಬಳಿಯ ಅಕ್ಷರಗಳು ಹೊರಕ್ಕೆ ಎಳೆದಂತೆ ದಪ್ಪಗಾಗಿವೆ.

ಇವಲ್ಲದೆ, ನನ್ನ ತಮ್ಮ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ 1,500 ರೂಪಾಯಿ ಕೊಟ್ಟು ತರಿಸಿಕೊಂಡ ಎರಡು ರೂಪಾಯಿಯ ನಾಣ್ಯವೂ ನಮ್ಮಲ್ಲಿದೆ. ಅದರ ಅಂಕಿಯ ಬದಿಯಲ್ಲಿ ಸಿಂಹಗಳ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಒಳಕ್ಕೆ ಕುಸಿದಿದೆ. ಇವುಗಳಲ್ಲಿ ನಿಜವಾದ ತಪ್ಪು ಯಾವುದು, ಬರೀ ಸವಕಳಿ ಯಾವುದು ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಬಳ್ಳಾರಿ, ನಿವೃತ್ತ ಬ್ಯಾಂಕ್ ಕ್ಯಾಷಿಯರ್)

ನಮಸ್ಕಾರ ಮೇಡಂ. ಮೊದಲು ನೋಡಬೇಕಾದದ್ದು ಗೆರೆ ಉಬ್ಬಿದೆಯೋ ತಗ್ಗಿದೆಯೋ ಎಂಬುದನ್ನು. ನಾಣ್ಯದ ಮೇಲೆ ಚಿತ್ರ ಒತ್ತುವ ಉಕ್ಕಿನ ಅಚ್ಚು ಬಿರುಕು ಬಿಟ್ಟಿದ್ದರೆ ಒತ್ತಡಕ್ಕೆ ಸಿಕ್ಕ ಲೋಹ ಆ ಬಿರುಕಿನೊಳಗೆ ನುಗ್ಗುವುದರಿಂದ ನಾಣ್ಯದ ಮೇಲೆ ಗೆರೆ ಉಬ್ಬಿ ನಿಲ್ಲುತ್ತದೆ. ನಾಣ್ಯ ಹೊರಬಿದ್ದ ಮೇಲೆ ಯಾರಾದರೂ ಗೀಚಿದ್ದರೆ ಗೆರೆ ತಗ್ಗಾಗಿದ್ದು, ಅದರ ಬದಿಗಳಲ್ಲಿ ಲೋಹ ಸರಿದ ಸಣ್ಣ ದಂಡೆ ಕಾಣುತ್ತದೆ. ಇದೊಂದನ್ನು ಕಲಿತರೆ ಚೀಲದ ಮುಕ್ಕಾಲು ಪಾಲು ನಾಣ್ಯಗಳ ತೀರ್ಮಾನವಾದಂತೆಯೇ. ಬಿರುಕು ಬೆಳೆದು ಅಚ್ಚಿನ ಅಂಚಿನ ತುಣುಕೇ ಉದುರಿದರೆ ನಾಣ್ಯದ ಅಂಚಿನಲ್ಲಿ ಆಕಾರವಿಲ್ಲದ ಉಬ್ಬು ಮೂಡುತ್ತದೆ, ಸಂಗ್ರಾಹಕರು ಅದನ್ನು ತೆಳುಗೆರೆಗಿಂತ ಹೆಚ್ಚು ಬಯಸುತ್ತಾರೆ.

ಎರಡು ರೂಪಾಯಿಯನ್ನು ಹೀಗೆ ಪರೀಕ್ಷಿಸಿ. ಸಿಂಹಗಳನ್ನು ನೆಟ್ಟಗೆ ಇರಿಸಿ, ನಾಣ್ಯದ ಮೇಲ್ತುದಿ ಮತ್ತು ಕೆಳತುದಿಯನ್ನು ಎರಡು ಬೆರಳುಗಳಲ್ಲಿ ಹಿಡಿದು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುವಬೇಕು. ನಮ್ಮ ದೇಶದ ನಾಣ್ಯಗಳಲ್ಲಿ ಆಗ ಹಿಂಬದಿಯೂ ನೆಟ್ಟಗೇ ಕಾಣಬೇಕು. ಹತ್ತು-ಹದಿನೈದು ಡಿಗ್ರಿಯ ವಾಲುವಿಕೆ ಬಹಳ ಸಾಮಾನ್ಯ, ಅದಕ್ಕೆ ಬೆಲೆಯಿಲ್ಲ. ಆದರೆ ತಾವು ಹೇಳುವಂತೆ ನಾಲ್ಕು ಗಂಟೆಯವರೆಗೆ ತಿರುಗಿದ್ದರೆ ಯಂತ್ರದಲ್ಲಿ ಒಂದು ಅಚ್ಚು ಸಡಿಲಗೊಂಡು ತಿರುಗಿತ್ತೆಂದೇ ಅರ್ಥ, ಅದು ಎತ್ತಿಡಬೇಕಾದ ನಾಣ್ಯ.

ಐದು ರೂಪಾಯಿಯ ವಿಷಯ ಬೇರೆ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯದಲ್ಲಿ ಮೊದಲು ನುಣ್ಣಗಾಗುವುದು ಅತಿ ಎತ್ತರದ ಭಾಗ, ಅಂದರೆ ಸಿಂಹದ ಮುಖ ಮತ್ತು ಕೇಸರ. ಅವು ಸ್ಪಷ್ಟವಾಗಿ ಉಳಿದು ಅಕ್ಷರಗಳಷ್ಟೇ ಮಾಯವಾಗಿದ್ದರೆ, ಅಚ್ಚಿನ ಅಕ್ಷರದ ಗುಳಿಗಳಲ್ಲಿ ಎಣ್ಣೆ ಜಿಡ್ಡು ಮತ್ತು ಲೋಹದ ಪುಡಿ ತುಂಬಿಕೊಂಡಿತ್ತೆಂದು ತಿಳಿಯಬೇಕು. ಇದೂ ತಪ್ಪೇ, ಆದರೆ ಅಪರೂಪದ್ದಲ್ಲ.

ಒಂದು ಕಳಕಳಿಯ ಮಾತು: ದಯವಿಟ್ಟು ಇವನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ಮೂಲದ ಹೊಳಪು ಒಮ್ಮೆ ಹೋದರೆ ಮರಳಿ ಬರುವುದಿಲ್ಲ.

ಉತ್ತರ (ರಾಯಚೂರು, ಲೇತ್ ವರ್ಕ್‌ಶಾಪ್)

ನಾಲ್ಕನೆಯ ನಾಣ್ಯದ ಬಗ್ಗೆ ನಾನು ಹೇಳಬಲ್ಲೆ, ಏಕೆಂದರೆ ಅಚ್ಚು ಸವೆಯುವುದನ್ನು ನಾನು ದಿನವೂ ಕಾಣುತ್ತೇನೆ. ಈಗಿನ ಒಂದು ಮತ್ತು ಎರಡು ರೂಪಾಯಿ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲಿನವು. ಆ ಲೋಹ ಬಲು ಬಿರುಸಾದ್ದರಿಂದ ಎಷ್ಟೇ ಗಡಸು ಮಾಡಿದ ಉಕ್ಕಿನ ಅಚ್ಚಾದರೂ ಬೇಗ ದಣಿಯುತ್ತದೆ. ಪ್ರತಿ ಹೊಡೆತಕ್ಕೂ ಬಿಲ್ಲೆಯ (ಇನ್ನೂ ಚಿತ್ರ ಒತ್ತದ ದುಂಡು ಲೋಹದ ತುಂಡಿನ) ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ, ಹರಿಯುವಾಗ ಅಚ್ಚಿನ ಮೈಯನ್ನು ಉಜ್ಜುತ್ತದೆ. ಆದ್ದರಿಂದ ಹಳತಾದ ಅಚ್ಚಿನಿಂದ ಬಂದ ನಾಣ್ಯದಲ್ಲಿ ಅಂಚಿನ ಬಳಿಯ ಅಕ್ಷರಗಳ ಬುಡ ಹೊರಕ್ಕೆ ಚಾಚಿಕೊಳ್ಳುತ್ತದೆ, ಚಿತ್ರವಿಲ್ಲದ ಬಯಲು ಭಾಗ ಕಿತ್ತಳೆಯ ಸಿಪ್ಪೆಯಂತೆ ಒರಟಾಗುತ್ತದೆ, ಸೂರ್ಯಕಿರಣದಂತೆ ಸಣ್ಣ ಗೆರೆಗಳು ಅಂಚಿನತ್ತ ಸಾಗುತ್ತವೆ. ಇದನ್ನು ‘ಎರಡು ಬಾರಿ ಅಚ್ಚಾದ ನಾಣ್ಯ’ ಎಂದು ಮಾರುವವರಿದ್ದಾರೆ, ನಂಬಬಾರದು. ಅಚ್ಚಿನಲ್ಲೇ ಚಿತ್ರ ಎರಡು ಸಲ ಮೂಡಿದ್ದರೆ ಎರಡೂ ಅಕ್ಷರಗಳು ದುಂಡಗೆ, ಪೂರ್ಣವಾಗಿ, ನಡುವೆ ಸೀಳಿನೊಂದಿಗೆ ಕಾಣುತ್ತವೆ. ಹೊಡೆದ ಬಳಿಕ ಅಚ್ಚು ಅದುರಿದ್ದರೆ ಅಕ್ಷರದ ಪಕ್ಕದಲ್ಲಿ ಚಪ್ಪಟೆಯಾದ ಮೆಟ್ಟಿಲಿನಂಥ ಅಂಚು ಮಾತ್ರ ಇರುತ್ತದೆ, ಮೂಲ ಅಕ್ಷರವೂ ಸಣ್ಣಗಾಗಿರುತ್ತದೆ.

ಸವಕಳಿಗೆ ಬೆಲೆಯಿಲ್ಲವೆಂದು ಎಸೆಯಬೇಡಿ. ಒಂದೇ ವರ್ಷದ, ಒಂದೇ ಟಂಕಸಾಲೆಯ ಇಪ್ಪತ್ತು ನಾಣ್ಯಗಳನ್ನು ಸಾಲಾಗಿ ಜೋಡಿಸಿದರೆ ಹೊಸ ಅಚ್ಚಿನಿಂದ ಮುದಿ ಅಚ್ಚಿನವರೆಗಿನ ಹಂತಗಳು ಕಣ್ಣೆದುರು ನಿಲ್ಲುತ್ತವೆ. ವರ್ಷದ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನನಗೆ ಬೆಲೆಬಾಳುವ ತಪ್ಪು ನಾಣ್ಯಗಳಿಗಿಂತ ಈ ಸಾಲೇ ಹೆಚ್ಚು ಇಷ್ಟ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಅನಂತ ಧನ್ಯವಾದಗಳು. ಇಂದು ಮಧ್ಯಾಹ್ನ ಪಕ್ಕದ ಅಕ್ಕಸಾಲಿಗರ ಭೂತಗನ್ನಡಿಯಲ್ಲಿ ನೋಡಿದೆ. ಒಂದು ರೂಪಾಯಿಯ ಗೆರೆ ಉಬ್ಬಿದೆ. ಅಂಚಿನಿಂದ ಹೊರಟು ಒಂದು ಅಕ್ಷರದ ಕಾಲನ್ನು ಹಾಯ್ದು, ಎಲ್ಲಿಯೂ ಕಡಿಯದೆ ಸಿಂಹದ ಪೀಠದ ಬಳಿ ಮುಗಿಯುತ್ತದೆ. ಉಗುರಿಗೂ ತಾಗುತ್ತದೆ. ತಮ್ಮನ ನಾಣ್ಯವನ್ನು ಅವರದೇ ತಕ್ಕಡಿಯಲ್ಲಿ ತೂಗಿದಾಗ 4.85 ಗ್ರಾಂ ಬಂದಿತು, ಅದು ಸರಿಯಾದ ತೂಕವೇ. ಹಾಗಾದರೆ ಅದು ನಿಜವಾದದ್ದೇ?

ಉತ್ತರ (ಬಳ್ಳಾರಿ)

ತೂಕ ಸರಿಯಿರುವುದರಿಂದ ಬಿಲ್ಲೆ ಅಸಲಿ ಎಂದಷ್ಟೇ ತಿಳಿಯುತ್ತದೆ, ಮೇಡಂ. ಈ ತಪ್ಪು ಟಂಕಸಾಲೆಯಲ್ಲಿ ಆಗುವುದು ಹೀಗೆ: ಅಚ್ಚಾದ ನಾಣ್ಯವೊಂದು ಕೆಳಕ್ಕೆ ಬೀಳದೆ ಅಂಕಿಯ ಅಚ್ಚಿಗೆ ಅಂಟಿಕೊಳ್ಳುತ್ತದೆ, ಮುಂದಿನ ಬಿಲ್ಲೆ ಬಂದಾಗ ಆ ಅಂಟಿದ ನಾಣ್ಯವೇ ಅಚ್ಚಿನಂತೆ ಒತ್ತುತ್ತದೆ. ಆಗ ಒಂದು ಬದಿಯಲ್ಲಿ ಸಿಂಹಗಳು ಉಬ್ಬಿ, ಇನ್ನೊಂದು ಬದಿಯಲ್ಲಿ ಅವೇ ತಿರುಗುಮುರುಗಾಗಿ ತಗ್ಗಿ ಮೂಡುತ್ತವೆ. ಆ ಬಿಲ್ಲೆಗೆ ಅಂಕಿಯ ಅಚ್ಚು ತಾಗಿಯೇ ಇಲ್ಲವಾದ್ದರಿಂದ ಅಂಕಿಯ ಸುಳಿವೂ ಇರಬಾರದು. ಎರಡು ನಾಣ್ಯಗಳನ್ನು ಜೋಡಿಸಿ ವೈಸಿನಲ್ಲಿ ಬಿಗಿದು ತಯಾರಿಸಿದ್ದರೆ, ತಗ್ಗಿದ ಸಿಂಹಗಳ ಅಡಿಯಲ್ಲಿ ‘2’ ಜಜ್ಜಿಹೋದ ಸ್ಥಿತಿಯಲ್ಲಿ ಉಳಿದಿರುತ್ತದೆ ಮತ್ತು ಹಿಂಬದಿಯ ಸಿಂಹಗಳೂ ಚಪ್ಪಟೆಯಾಗಿರುತ್ತವೆ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ.

ಇಂಥ ನಾಣ್ಯ ಮಾರಿಸಿಕೊಡುತ್ತೇವೆಂದು ಯಾರಾದರೂ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ ಕೇಳಿದರೆ ಒಂದು ಪೈಸೆಯನ್ನೂ ಕೊಡಬೇಡಿ ಎಂದು ತಮ್ಮನಿಗೆ ತಿಳಿಸಿ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತಾನೇ ಈ ಎಚ್ಚರಿಕೆ ಹೊರಡಿಸಿದೆ.

ಪ್ರಶ್ನೆ ಕೇಳಿದವರಿಂದ

ಓರೆ ಬೆಳಕಿನಲ್ಲಿ ನೋಡಿದೆ. ನಡುವಿನ ಸಿಂಹದ ಎದೆಯ ಅಡಿಯಲ್ಲಿ ‘2’ರ ಕೆಳಗಿನ ಅಡ್ಡಗೆರೆ ಚಪ್ಪಟೆಯಾಗಿ ಉಳಿದಿದೆ. ತಮ್ಮನಿಗೂ ತೋರಿಸಿದೆ; ಬಹಳ ನೊಂದುಕೊಂಡ. ಈಗ ಅವನೇ ಒಂದು ರೂಪಾಯಿಗಳನ್ನು ವರ್ಷ ಮತ್ತು ಗುರುತಿನ ಪ್ರಕಾರ ಬೇರ್ಪಡಿಸುತ್ತಿದ್ದಾನೆ, ನಕ್ಷತ್ರದ ಗುರುತಿನವು ಹನ್ನೊಂದು ಸಿಕ್ಕಿವೆ.