ಪ್ರಶ್ನೋತ್ತರ: ಕರಪತ್ರದಲ್ಲಿರುವ ‘ಪಿ 0.04’ ನಂಬಬಹುದಾ?

ಪ್ರಶ್ನೆ (ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ಕಡೆ): ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ ಹೊಡೆಯುತ್ತಿದ್ದೆವು. ಈಗ ಹೊಸ ಔಷಧಿ ಬಂದಿದೆ. ಕರಪತ್ರದಲ್ಲಿ “ಬೋರ್ಡೋಗಿಂತ ಉತ್ತಮ, ಪಿ-ಮೌಲ್ಯ 0.04” ಅಂತ ಬರೆದಿದ್ದಾರೆ. ಹಾಗಂದ್ರೆ ನೂರಕ್ಕೆ 96 ಗ್ಯಾರಂಟಿ ಎನ್ನುತ್ತಾರೆ ಅಂಗಡಿಯವರು. ಹೌದಾ?

ಉತ್ತರ (ಸಂಖ್ಯಾಶಾಸ್ತ್ರ ಕಲಿಸುವವರು, ಶಿವಮೊಗ್ಗ): ಅಲ್ಲ. ಅಂಗಡಿಯವರನ್ನು ಬೈಯಬೇಡಿ, ಓದಿಕೊಂಡವರೂ ಇದನ್ನೇ ಹೇಳುತ್ತಾರೆ.

ಪಿ-ಮೌಲ್ಯದ ಲೆಕ್ಕ ಶುರುವಾಗುವುದೇ ‘ಎರಡು ಔಷಧಿಗೂ ಏನೂ ವ್ಯತ್ಯಾಸ ಇಲ್ಲ’ ಎಂದು ಇಟ್ಟುಕೊಂಡು. ಇದಕ್ಕೆ ನಲ್ ಹೈಪಾಥೆಸಿಸ್ ಎನ್ನುತ್ತಾರೆ. ಅದು ನಿಜವಾಗಿದ್ದರೆ, ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟು? ಅದೇ ಪಿ-ಮೌಲ್ಯ.

ಹತ್ತು ತೋಟ ತಗೊಳ್ಳಿ. ಪ್ರತಿ ತೋಟದ ಅರ್ಧಕ್ಕೆ ಹೊಸದು, ಅರ್ಧಕ್ಕೆ ಬೋರ್ಡೋ. ಎರಡೂ ಒಂದೇ ಆಗಿದ್ದರೆ ಯಾವ ಅರ್ಧ ಗೆಲ್ಲುತ್ತದೆ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ. ಆಗಲೂ ಎರಡರಲ್ಲಿ ಯಾವುದೋ ಒಂದು 8 ಅಥವಾ ಹೆಚ್ಚು ತೋಟ ಗೆಲ್ಲುವ ಸಾಧ್ಯತೆ 1024ರಲ್ಲಿ 112. ಪಿ ಸುಮಾರು 0.11. 9 ಅಥವಾ ಹೆಚ್ಚು ಎಂದರೆ 1024ರಲ್ಲಿ 22, ಪಿ ಸುಮಾರು 0.02. ಪಿ 0.05ಕ್ಕಿಂತ ಕೆಳಗೆ ಬಂದರೆ ‘ಮಹತ್ವದ ವ್ಯತ್ಯಾಸ ಇದೆ’ ಎನ್ನುವುದು ರೂಢಿ. ಒಂದೇ ಒಂದು ತೋಟ ಆಚೀಚೆ ಆಗಿದ್ದಕ್ಕೆ ‘ಮಹತ್ವದ ವ್ಯತ್ಯಾಸ ಇಲ್ಲ’ ಹೋಗಿ ‘ಇದೆ’ ಆಯಿತು!

ಇನ್ನು 96ರ ವಿಷಯ. ಮಾರುಕಟ್ಟೆಗೆ 100 ಹೊಸ ಔಷಧಿ ಬಂದವು, ಅದರಲ್ಲಿ 10 ಮಾತ್ರ ನಿಜಕ್ಕೂ ಮೇಲು ಎಂದುಕೊಳ್ಳಿ. ಪ್ರಯೋಗ ಚೆನ್ನಾಗಿದ್ದರೆ ಆ ಹತ್ತರಲ್ಲಿ ಎಂಟನ್ನು ಹಿಡಿಯುತ್ತದೆ. ಉಳಿದ 90ರಲ್ಲೂ ನೂರಕ್ಕೆ ಐದರಂತೆ ನಾಲ್ಕೈದು ಸುಮ್ನೆ ಅದೃಷ್ಟದಿಂದ 0.05ರ ಗೆರೆ ದಾಟುತ್ತವೆ. ಅಂದರೆ ‘ಪಾಸಾದ’ ಹನ್ನೆರಡು ಹದಿಮೂರರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜೊಳ್ಳು. ಗ್ಯಾರಂಟಿ ಎಲ್ಲಿ ಬಂತು? ಇವು ನಾನು ಲೆಕ್ಕಕ್ಕೆ ಹಿಡಿದ ಅಂಕಿಗಳು, ಆದರೆ ವಿಷಯ ಇದೇ. ಮೊದಲೇ ಎಷ್ಟು ನಂಬಿಕೆ ಇತ್ತು ಎನ್ನುವುದು ಪಿ-ಮೌಲ್ಯದ ಒಳಗೆ ಇಲ್ಲ. ಬೋರ್ಡೋ ಮೇಲೆ ನಮಗೆ ನಂಬಿಕೆ ಇರುವುದು ಒಂದು ಪಿ-ಮೌಲ್ಯದಿಂದಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕಾಲದಿಂದ ನೂರಕ್ಕೂ ಹೆಚ್ಚು ಮಳೆಗಾಲ ಕಂಡಿದೆ ಅದು.

ಪ್ರಶ್ನೆ (ಸಾಗರದ ವಿದ್ಯಾರ್ಥಿ): ಈ 0.05ರ ಗೆರೆ ಹಾಕಿದ್ದು ಯಾರು?

ಉತ್ತರ: ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದಾಗ, 1925ರಲ್ಲಿ. ಇಪ್ಪತ್ತಕ್ಕೆ ಒಂದು ಎನ್ನುವುದು ಅನುಕೂಲ ಅಂತ ಇಟ್ಟುಕೊಂಡಿದ್ದು, ಪ್ರಕೃತಿ ಹಾಕಿದ ಗೆರೆಯಲ್ಲ. ಗೆರೆ ದಾಟಿತೋ ಇಲ್ಲವೋ ಎಂಬುದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ ಎಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಹೇಳಿತು.

ಪ್ರಶ್ನೆ (ಕೊಪ್ಪದ ಸದಸ್ಯರು): ನಾನೇ ಪ್ರಯೋಗ ಮಾಡಿದ್ದೇನೆ. ಮೇಲಿನ ತೋಟದ 200 ಮರಕ್ಕೆ ಹೊಸದು, ಕೆಳಗಿನ 200ಕ್ಕೆ ಬೋರ್ಡೋ. ಮಗ ಕಂಪ್ಯೂಟರಿಗೆ ಹಾಕಿದರೆ ಪಿ 0.001. ಇದಾದರೂ ಗಟ್ಟಿ ಅಲ್ವಾ?

ಉತ್ತರ: ಬೇಜಾರು ಮಾಡ್ಕೋಬೇಡಿ, ಇದು ಕರಪತ್ರದ 0.04ಕ್ಕಿಂತ ಸಡಿಲ. ಕೆಳಗಿನ ತೋಟದಲ್ಲಿ ಥಂಡಿ ಜಾಸ್ತಿ, ಬಿಸಿಲು ಕಡಿಮೆ, ಬಸಿಗಾಲುವೆ ಕಟ್ಟಿಕೊಂಡಿದ್ದರೆ ಕೇಳುವುದೇ ಬೇಡ. ಯಾವ ಔಷಧಿ ಹೊಡೆದರೂ ಅಲ್ಲಿ ಕೊಳೆ ಹೆಚ್ಚು. ನೀವು ಅಳೆದಿದ್ದು ಔಷಧಿಯನ್ನೋ ಜಾಗವನ್ನೋ, ಹೇಳಲು ಬರುವುದಿಲ್ಲ. ಎರಡನೆಯದು, ಕೊಳೆ ಮಳೆಹನಿ, ಗಾಳಿಯ ಜೊತೆ ಒಂದು ಮರದ ಗೊನೆಯಿಂದ ಪಕ್ಕದ ಮರಕ್ಕೆ ಹೋಗುತ್ತದೆ. ಹಾಗಾಗಿ 200 ಮರ ಎಂದರೆ 200 ಬೇರೆ ಬೇರೆ ಸಾಕ್ಷಿ ಅಲ್ಲ. ನಿಮ್ಮ ಹತ್ತಿರ ನಿಜವಾಗಿ ಇರುವುದು ಎರಡೇ ತುಂಡು. ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ಕೊಟ್ಟ 400 ಅಂಕಿಯನ್ನು ನಂಬಿ 0.001 ಎಂದು ಕಕ್ಕುತ್ತದೆ.

ಮುಂದಿನ ಸಲ ತೋಟವನ್ನು ಸಣ್ಣ ಸಣ್ಣ ತುಂಡು ಮಾಡಿ, ಮೇಲೂ ಕೆಳಗೂ. ಯಾವುದಕ್ಕೆ ಯಾವ ಔಷಧಿ ಎಂದು ಚೀಟಿ ಎತ್ತಿ. ತುಂಡುಗಳ ನಡುವೆ ಒಂದೆರಡು ಸಾಲನ್ನು ಲೆಕ್ಕದಿಂದ ಬಿಟ್ಟುಬಿಡಿ. ಮರ ಎಣಿಸುವ ಬದಲು ತುಂಡು ಎಣಿಸಿ.

ಪ್ರಶ್ನೆ (ಹೊಸನಗರದ ಸದಸ್ಯರು): ಪಿ 0.30 ಬಂದರೆ ಔಷಧಿ ಸುಳ್ಳು ಅಂತಾನಾ?

ಉತ್ತರ: ಅಲ್ಲ. ಸಾಕ್ಷಿ ಸಾಲದು ಅಂತ. ಸಣ್ಣ ಪ್ರಯೋಗದಲ್ಲಿ ಒಳ್ಳೆಯ ಔಷಧಿಯೂ ಫೇಲಾಗುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ಹಾಗಾದರೆ ಅಂಗಡಿಯಲ್ಲಿ ಏನು ಕೇಳಲಿ?

ಉತ್ತರ: ಎಷ್ಟು ತೋಟ, ಎಷ್ಟು ಮಳೆಗಾಲ, ಕಾಯಿ ಉದುರುವುದು ಎಷ್ಟು ಕಡಿಮೆಯಾಯಿತು, ಇದನ್ನೇ ಕೇಳಿ. ವ್ಯತ್ಯಾಸ ಎಷ್ಟರಿಂದ ಎಷ್ಟರವರೆಗೆ ಇರಬಹುದು ಎಂದು ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಸಾವಿರಾರು ತುಂಡುಗಳಲ್ಲಿ ನೋಡಿದರೆ ನೂರಕ್ಕೆ ಒಂದು ಕಾಯಿ ಉಳಿದಿದ್ದೂ ‘ಮಹತ್ವದ ವ್ಯತ್ಯಾಸ’ ಆಗಬಹುದು, ಅದರಲ್ಲಿ ಔಷಧಿ ದುಡ್ಡೂ ಹುಟ್ಟುವುದಿಲ್ಲ. ಕಾಯಿ ತೂಕ, ಎಲೆ ಬಣ್ಣ ಎಂದು ಇಪ್ಪತ್ತು ವಿಷಯ ಅಳೆದು ಗೆದ್ದ ಒಂದನ್ನೇ ಅಚ್ಚು ಹಾಕಿದ್ದಾರಾ ಎಂದೂ ವಿಚಾರಿಸಿ. ಏನೂ ಪರಿಣಾಮ ಇಲ್ಲದ, ಒಂದಕ್ಕೊಂದು ಸಂಬಂಧವೂ ಇಲ್ಲದ ಇಪ್ಪತ್ತು ಅಳತೆಯಲ್ಲಿ ಕನಿಷ್ಠ ಒಂದಾದರೂ 0.05ಕ್ಕಿಂತ ಕೆಳಗೆ ಬರುವ ಸಾಧ್ಯತೆ ನೂರಕ್ಕೆ 64. ಉತ್ತರ ಸಿಗುವವರೆಗೆ, ಮುಂಗಾರು ಹಿಡಿಯುವ ಮೊದಲೇ ಬೋರ್ಡೋ ಒಂದು ಸಲ ಹೊಡೆಸಿಬಿಡಿ.