ಸಹಾಯ ಬೇಕು: ಮನೆಶಾಲೆಯಲ್ಲಿ ಬೆಳೆದ ಭಾವೀ ಸೊಸೆಯ ಕಾಲೇಜು ಪ್ರವೇಶ

ಟೆಕ್ಸಾಸ್‌ನ ಕಮ್ಯುನಿಟಿ ಕಾಲೇಜುಗಳ ಪ್ರವೇಶ ಅಥವಾ ಹಣಕಾಸು ನೆರವಿನ ವಿಭಾಗದಲ್ಲಿ ಕೆಲಸ ಮಾಡುವ ಕನ್ನಡಿಗರು ಈ ಗುಂಪಿನಲ್ಲಿದ್ದರೆ ದಯವಿಟ್ಟು ಮಾರ್ಗದರ್ಶನ ನೀಡಬೇಕೆಂದು ಕೋರುತ್ತೇನೆ.

ನಮ್ಮ ಮಗ ಮದುವೆಯಾಗಲಿರುವ ಹುಡುಗಿ ಮೂಲಭೂತವಾದಿ ಕ್ರೈಸ್ತ ಕುಟುಂಬದಲ್ಲಿ, ಪೂರ್ತಿಯಾಗಿ ಮನೆಶಾಲೆಯಲ್ಲಿಯೇ (ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಹೋಮ್‌ಸ್ಕೂಲ್) ಬೆಳೆದವಳು. ದೇವರ ಕೆಳಗೆ ಗಂಡ, ಗಂಡನ ಕೆಳಗೆ ಹೆಂಡತಿ, ಎಲ್ಲರ ಕೆಳಗೆ ಮಕ್ಕಳು ಎಂಬ 'ಕೊಡೆ'ಗಳ ಚಿತ್ರವನ್ನು ಕ್ರೈಸ್ತ ಬೋಧಕ ಬಿಲ್ ಗೊಥಾರ್ಡ್ 1961ರಲ್ಲಿ ಆರಂಭಿಸಿದ ಸಂಸ್ಥೆಯು ಅಮೆರಿಕದ ಇಂತಹ ಎಷ್ಟೋ ಮನೆಗಳಿಗೆ ತಲುಪಿಸಿತ್ತು. ಅದೇ ಬಗೆಯ ಪರಿಸರ ಇವಳದೂ. ಅಂತಹ ಸಂಗೀತ ಕೆಟ್ಟದ್ದೆಂದು ಕಲಿತು ಬೆಳೆದ ಕಾರಣ, ಹಾಡಿನಲ್ಲಿ ಡ್ರಮ್ ಸದ್ದು ಕೇಳಿದೊಡನೆ ಇವಳ ಕೈ ಈಗಲೂ ತಾನಾಗಿಯೇ ದನಿ ತಗ್ಗಿಸಲು ಹೋಗುತ್ತದೆ.

ಟೆಕ್ಸಾಸ್‌ನಲ್ಲಿ ಮನೆಶಾಲೆಯನ್ನು ಸರ್ಕಾರದಲ್ಲಿ ನೋಂದಾಯಿಸುವ ಅಗತ್ಯವಿಲ್ಲದ ಕಾರಣ, ಪೋಷಕರು ಬರೆದುಕೊಟ್ಟ ಅಂಕಪಟ್ಟಿಯೇ ದಾಖಲೆ. ಅದನ್ನು ಕೊಡಲು ತಂದೆ ಒಪ್ಪುತ್ತಿಲ್ಲ. ಜಿಇಡಿ (ಹೈಸ್ಕೂಲ್ ಮುಗಿಸಿದ್ದಕ್ಕೆ ಸಮಾನವಾದ) ಪರೀಕ್ಷೆ ಬರೆಯಲು ಅವಳು ಸಿದ್ಧಳಿದ್ದಾಳೆ, ಆದ್ದರಿಂದ ಅದು ದೊಡ್ಡ ಚಿಂತೆಯಲ್ಲ. ನಿಜವಾದ ತೊಡಕು ಹಣದ್ದು: ಇಪ್ಪತ್ನಾಲ್ಕು ತುಂಬದ ಅವಿವಾಹಿತರು ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ನೆರವಿಗೆ ಸಾಮಾನ್ಯವಾಗಿ ತಂದೆತಾಯಿಯ ಆದಾಯದ ವಿವರ ನೀಡಬೇಕು, ಮತ್ತು ಅರ್ಜಿಯ ಸಲುವಾಗಿ ಮದುವೆಯನ್ನು ನಿಗದಿಗಿಂತ ಬೇಗನೆ ಮಾಡಿಕೊಳ್ಳಲು ಅವಳಿಗೆ ಇಷ್ಟವಿಲ್ಲ (ಅದು ಸರಿಯೆಂದೇ ನನ್ನ ಭಾವನೆ).

ವಿಶೇಷ ಪರಿಸ್ಥಿತಿಯ ಆಧಾರದ ಮೇಲೆ ಸ್ವತಂತ್ರ ವಿದ್ಯಾರ್ಥಿಯೆಂದು (ತಂದೆತಾಯಿಯ ಆದಾಯದ ವಿವರ ಬೇಡದವರೆಂದು) ಪರಿಗಣಿಸಲು ಕಾಲೇಜಿಗೆ ಅಧಿಕಾರವಿದೆ. ಅದಕ್ಕೆ ಯಾರ ಪತ್ರಗಳು ಸಾಕಾಗುತ್ತವೆ, ಕುಟುಂಬದೊಂದಿಗೆ ಫೋನ್ ಸಂಪರ್ಕ ಉಳಿದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಿ. ಅವಳ ದೈವಭಕ್ತಿ ಹಾಗೆಯೇ ಇರುವುದರಿಂದ, ನಂಬಿಕೆಯನ್ನು ಹೀಗಳೆಯದ ಆಪ್ತಸಮಾಲೋಚಕರ ಪರಿಚಯವಿದ್ದರೂ ಖಾಸಗಿಯಾಗಿ ಸಂದೇಶ ಕಳುಹಿಸಿ.